‘ಮೈಲ್ಡ್ಸ್’ ಸೇದುವವರಿಗೆ ಫಿಲ್ಟರಿನ ತೂತು ತೋರಿಸುವುದು ಹೇಗೆ?

ಶಿಬಿರದ_ಮೇಷ್ಟ್ರು

ಕಾರ್ಖಾನೆಯೊಂದರ ಕಾರ್ಮಿಕರಿಗೆ ತಂಬಾಕು ಬಿಡಿಸುವ ಶಿಬಿರವಿದೆ. ಒಂದು ಗಂಟೆಯ ಪಾಠ ನನ್ನ ಪಾಲಿಗೆ ಬಂದಿದೆ. ಕೊಳೆತ ಬಾಯಿ, ಕಪ್ಪು ಶ್ವಾಸಕೋಶದ ಚಿತ್ರ ತೋರಿಸುವ ಪಾಠ ಬೇಡ ಅನಿಸುತ್ತಿದೆ. ಅವನ್ನು ಅವರು ಪ್ಯಾಕಿನ ಮೇಲೆ ದಿನಾ ನೋಡುತ್ತಾರೆ, ನೋಡಿಯೂ ಸೇದುತ್ತಾರೆ. ಅದರ ಬದಲು ಸಿಗರೇಟಿನ ರಚನೆಯನ್ನೇ ಬಿಚ್ಚಿ ತೋರಿಸೋಣ ಎಂದುಕೊಂಡಿದ್ದೇನೆ.

ಮಾತಿಗೆ ಕೂತಾಗ ಇವರಿಂದ ಪದೇ ಪದೇ ಬರುವ ಮಾತು ಮೂರು. ‘ನಾನು ಮೈಲ್ಡ್ಸ್‌ಗೆ ಬಂದಿದ್ದೀನಿ, ಗಂಟಲಿಗೆ ಹಗುರ, ಅರ್ಧ ಬಿಟ್ಟ ಹಾಗೇ.’ ‘ಕಿಂಗ್ ಬಿಟ್ಟು ಸಣ್ಣದು ಹಿಡಿದಿದ್ದೀನಿ.’ ‘ಮಿಂಟ್ ಇರೋದು ತಂಪು, ಅಷ್ಟು ತೊಂದರೆ ಇಲ್ಲ.’ ಇವುಗಳಲ್ಲಿ ಎಷ್ಟು ನಿಜ? ಬೆಂಕಿ ಹಚ್ಚದೆ, ಮೇಜಿನ ಮೇಲೆ ಕೈಯಾರೆ ಮಾಡಿ ತೋರಿಸಬಹುದಾದ ಪ್ರಯೋಗ ಏನಾದರೂ ಇದೆಯೇ?

ಹೊಗೆಯಂತ್ರ

ಮೊದಲನೆಯ ಮಾತನ್ನೇ ಹಿಡಿಯಿರಿ ಸರ್, ಉಳಿದೆರಡಕ್ಕೂ ದಾರಿ ಅಲ್ಲಿಂದಲೇ ಇದೆ.

ಒಂದು ‘ಮೈಲ್ಡ್’ ಸಿಗರೇಟು ತೆಗೆದುಕೊಂಡು ಫಿಲ್ಟರಿಗೆ ಸುತ್ತಿರುವ ಟಿಪ್ಪಿಂಗ್ ಪೇಪರನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿಯಿರಿ. ತುಟಿಯ ಕಡೆಯ ತುದಿಯಿಂದ ಸುಮಾರು 12 ಮಿ.ಮೀ. ದೂರದಲ್ಲಿ ಸೂಜಿಮೊನೆಗಿಂತ ಸಣ್ಣ ತೂತುಗಳ ಒಂದೋ ಎರಡೋ ಸಾಲು ಕಾಣುತ್ತದೆ. ಲೇಸರಿನಿಂದ ಕೊರೆದವು ಅವು. ಬರಿಗಣ್ಣಿಗೆ ಸಿಗದಿದ್ದರೆ ಮೊಬೈಲಿನ ಟಾರ್ಚನ್ನು ಕಾಗದದ ಹಿಂದೆ ಇಡಿ.

ಸೇದುವವನು ಎಳೆದಾಗ ಈ ತೂತುಗಳಿಂದ ಹೊರಗಿನ ಗಾಳಿ ಒಳಬಂದು ಹೊಗೆಗೆ ಬೆರೆಯುತ್ತದೆ. ಗಂಟಲಿಗೆ ಹಗುರ ಅನಿಸುವುದು ಇದರಿಂದಲೇ. ತಂಬಾಕು ಬೇರೆಯದಾಗಬೇಕಿಲ್ಲ, ಅದೇ ತಂಬಾಕು ಇದ್ದರೂ ಸಾಕು. ಒಂದು ಸಿಗರೇಟಿನ ತಂಬಾಕಿನಲ್ಲಿ ಸಾಮಾನ್ಯವಾಗಿ 10ರಿಂದ 14 ಮಿ.ಗ್ರಾಂ. ನಿಕೋಟಿನ್ ಇರುತ್ತದೆ, ದೇಹಕ್ಕೆ ಸೇರುವುದು 1ರಿಂದ 1.5 ಮಿ.ಗ್ರಾಂ. ಅಷ್ಟನ್ನು ಎಳೆದುಕೊಳ್ಳುವಷ್ಟು ಸರಕು ‘ಲೈಟ್’ ಎನ್ನುವುದರಲ್ಲೂ ಧಾರಾಳವಾಗಿದೆ.

ಟಾರ್ (ಹೊಗೆಯಲ್ಲಿನ ಜಿಗುಟು ಕಣಗಳು) ಕಡಿಮೆ ಎಂಬ ಲೆಕ್ಕ ಹುಟ್ಟಿದ್ದು ಸಿಗರೇಟು ಸೇದಿ ಅಳೆಯುವ ಯಂತ್ರದಿಂದ. ಐಎಸ್‌ಒ (ಅಂತರರಾಷ್ಟ್ರೀಯ ಮಾನಕ ಸಂಸ್ಥೆ) ವಿಧಾನದ ಯಂತ್ರ ನಿಮಿಷಕ್ಕೊಂದು ಬಾರಿ, 2 ಸೆಕೆಂಡು, 35 ಮಿ.ಲೀ. ಎಳೆಯುತ್ತದೆ. ಸಿಗರೇಟನ್ನು ಹಿಡಿಕೆಯೊಳಗೆ 9 ಮಿ.ಮೀ. ಮಾತ್ರ ತೂರಿಸುತ್ತಾರೆ, ತೂತು 12ರ ಹತ್ತಿರ ಇರುವುದರಿಂದ ಪೂರ್ತಿ ತೆರೆದೇ ಇರುತ್ತದೆ. ಮನುಷ್ಯ ಹೀಗೆ ಸೇದುವುದಿಲ್ಲ. ಅವನಿಗೆ ಬೇಕಿರುವುದು ರಕ್ತದಲ್ಲಿ ಇಷ್ಟು ನಿಕೋಟಿನ್. ಸಿಗುವ ತನಕ ದಮ್ಮು ದೊಡ್ಡದಾಗುತ್ತದೆ, ಬೇಗ ಬೇಗ ಬರುತ್ತದೆ.

ಲೆಕ್ಕ ಹಾಕಿ ನೋಡಿ. ಅರ್ಧ ಗಾಳಿ ಬೆರೆಯುವ ಫಿಲ್ಟರಿನಲ್ಲಿ ಯಂತ್ರದ 35 ಮಿ.ಲೀ.ನಲ್ಲಿ ಉರಿಯುವ ತುದಿಯಿಂದ ಬಂದ ಹೊಗೆ 17.5 ಮಿ.ಲೀ. ಅದೇ ಸಿಗರೇಟಿನಲ್ಲಿ ಒಬ್ಬ 60 ಮಿ.ಲೀ. ಎಳೆದ, ಬೆರಳಿನಿಂದಲೋ ತುಟಿಯಿಂದಲೋ ಅರ್ಧ ತೂತು ಮುಚ್ಚಿಹೋಗಿ ಕಾಲು ಪಾಲು ಮಾತ್ರ ಗಾಳಿ ಸೇರಿತು ಎನ್ನಿ. ಆಗ ಹೊಗೆ 45 ಮಿ.ಲೀ. ಯಂತ್ರ ತೋರಿಸಿದ್ದರ ಎರಡೂವರೆ ಪಟ್ಟು. ಕೆನಡಾ ಇದಕ್ಕೇ ಬೇರೆ ವಿಧಾನ ತಂದಿತು: 55 ಮಿ.ಲೀ., 30 ಸೆಕೆಂಡಿಗೊಮ್ಮೆ, ತೂತುಗಳನ್ನು ಪೂರ್ತಿ ಟೇಪಿನಿಂದ ಮುಚ್ಚಿ. ನೆದರ್ಲೆಂಡ್ಸ್‌ನ ಸರ್ಕಾರಿ ಪ್ರಯೋಗಾಲಯ 2018ರಲ್ಲಿ ಹೀಗೆ ಅಳೆದಾಗ ಟಾರ್ ಪ್ರಮಾಣ ಹಳೆಯ ವಿಧಾನಕ್ಕಿಂತ ಕನಿಷ್ಠ ದುಪ್ಪಟ್ಟು ಬಂತು. ತೂತು ಜಾಸ್ತಿ ಇದ್ದ ಬ್ರಾಂಡುಗಳಲ್ಲಿ ಇಪ್ಪತ್ತು ಪಟ್ಟನ್ನೂ ದಾಟಿತ್ತು.

ಇನ್ನೊಂದು ಸೂಕ್ಷ್ಮವಿದೆ, ಪಾಠದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವಂಥದ್ದು. ತೂತಿದ್ದರೆ ಎಳೆಯುವುದೂ ಸಲೀಸು. ದೊಡ್ಡ ದಮ್ಮು ಎಳೆದರೂ ಶ್ರಮ ಗೊತ್ತಾಗುವುದಿಲ್ಲ. ಜೊತೆಗೆ ಪ್ರತಿ ದಮ್ಮಿಗೆ ತುದಿಯಲ್ಲಿ ಉರಿಯುವ ತಂಬಾಕು ಕಡಿಮೆಯಾಗುವುದರಿಂದ ಅದೇ ಉದ್ದದ ಸಿಗರೇಟಿನಲ್ಲಿ ದಮ್ಮುಗಳ ಸಂಖ್ಯೆ ಹೆಚ್ಚು ಸಿಗುತ್ತದೆ. ಯಂತ್ರದ ಮುಂದೆ ಸಾಧು, ಬಾಯಿಗೆ ಬಂದರೆ ಕೇಳಿದಷ್ಟು ಕೊಡುತ್ತದೆ.

ಈಗ ಪ್ರಯೋಗ. ಬೇಕಾದದ್ದು 50 ಮಿ.ಲೀ. ಸಿರಿಂಜು (ಸೂಜಿ ಬೇಡ), ಫಿಲ್ಟರಿಗೆ ಬಿಗಿಯಾಗಿ ಕೂರುವ ಸಿಲಿಕಾನ್ ನಳಿಕೆಯ ತುಂಡು, ಸೆಲ್ಲೋಟೇಪು, ಒಂದಿಷ್ಟು ಮೇಣ, ಗಾಜಿನ ಲೋಟದಲ್ಲಿ ನೀರು. ಸಿಗರೇಟಿನ ತಂಬಾಕಿನ ಭಾಗವನ್ನು ಟಿಪ್ಪಿಂಗ್ ಪೇಪರ್ ಮುಗಿಯುವಲ್ಲಿಗೇ ಕತ್ತರಿಸಿ, ಕತ್ತರಿಸಿದ ಬಾಯಿಯನ್ನು ಮೇಣದಿಂದ ಮುಚ್ಚಿ. ಇನ್ನೊಂದು ತುದಿಯನ್ನು ನಳಿಕೆಗೆ ತೂರಿಸಿ ಸಿರಿಂಜಿನ ಹಿಡಿಯನ್ನು ನಿಧಾನವಾಗಿ ಹಿಂದಕ್ಕೆಳೆಯಿರಿ. ಮುಂದೆ ದಾರಿ ಮುಚ್ಚಿದ್ದರೂ ಸಲೀಸಾಗಿ ಬರುತ್ತದೆ, ಏಕೆಂದರೆ ಗಾಳಿ ಬರುತ್ತಿರುವುದು ತೂತಿನಿಂದ. ತೂತಿನ ಸಾಲಿಗೆ ಒಂದು ಸುತ್ತು ಟೇಪು ಹಾಕಿ ಮತ್ತೆ ಎಳೆಯಿರಿ, ಕೈಬಿಟ್ಟ ಕೂಡಲೇ ಹಿಡಿ ಮತ್ತೆ ಒಳಕ್ಕೆ ಜಗ್ಗುತ್ತದೆ. ಇದನ್ನು ನೀವು ಮಾಡಬೇಡಿ, ಮೈಲ್ಡ್ಸ್ ಸೇದುವವರ ಕೈಗೇ ಕೊಡಿ. ಆಮೇಲೆ ಟೇಪಿಲ್ಲದ ಇನ್ನೊಂದನ್ನು ನೀರಿಗೆ ಅದ್ದಿ ಸಿರಿಂಜಿನಿಂದ ಗಾಳಿ ಒತ್ತಿದರೆ ತೂತಿನ ಸಾಲಿನಲ್ಲಿ ಗುಳ್ಳೆಗಳು ಉಂಗುರದಂತೆ ಏಳುತ್ತವೆ. ಕಾಗದ ನೆನೆಯುವ ಮುಂಚೆ, ಕೆಲವೇ ಸೆಕೆಂಡಿನಲ್ಲಿ ಮುಗಿಸಬೇಕು.

ಶಿಬಿರದ_ಮೇಷ್ಟ್ರು

ಧನ್ಯವಾದ ಸರ್. ಮಾಡಿ ನೋಡಿದೆ, ಟೇಪು ಹಾಕಿದರೂ ಹಾಕದಿದ್ದರೂ ಹಿಡಿ ಒಂದೇ ಥರ ಜಗ್ಗುತ್ತಿದೆ. ಬೆಳಕಿಗೆ ಹಿಡಿದಾಗ ತೂತು ಕಂಡಿತ್ತು.

ಹೊಗೆಯಂತ್ರ

ನಳಿಕೆ ತೂತಿನ ಮೇಲೆ ಹತ್ತಿ ಕೂತಿದೆ. 7-8 ಮಿ.ಮೀ.ಗಿಂತ ಒಳಗೆ ತೂರಿಸಬೇಡಿ, ಪೆನ್ನಿನಿಂದ ಗುರುತು ಹಾಕಿಕೊಳ್ಳಿ. ಹಾಗೆ ನೋಡಿದರೆ ಈ ‘ಎಡವಟ್ಟು’ ಪಾಠಕ್ಕೆ ಅನುಕೂಲವೇ ಆಯಿತು. ಸಿಗರೇಟನ್ನು ತುಟಿಯೊಳಗೆ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳುವವರ ಬಾಯಲ್ಲಿ ಆಗುವುದೂ ಇದೇ.

ಎರಡನೆಯ ಸಾಧ್ಯತೆ: ಮೇಣ ಫಿಲ್ಟರಿನ ತನಕ ಹರಿದಿರಬಹುದು. ಬಿಸಿ ಮೇಣ ಹುಯ್ಯಬೇಡಿ, ತಣ್ಣಗಿನದನ್ನು ಬೆರಳಿನಲ್ಲಿ ಮೆತ್ತಿ. ಇದಕ್ಕೆ ಉಲ್ಟಾ, ಟೇಪು ಹಾಕಿದ ಮೇಲೂ ಸಲೀಸಾಗಿ ಬಂದರೆ ತಂಬಾಕಿನ ಕಾಗದ ಇನ್ನೂ ಉದ್ದ ಉಳಿದಿದೆ ಎಂದರ್ಥ. ಸಿಗರೇಟಿನ ಬಿಳಿ ಕಾಗದವೇ ಗಾಳಿಯಾಡುವಂಥದ್ದು, ಅದರಿಂದಲೂ ನುಗ್ಗುತ್ತದೆ.

ಸೇದಿ ಬಿಸಾಡಿದ ಮೋಟುಗಳನ್ನೂ ಚಿಮಟದಲ್ಲಿ ಹಿಡಿದು ತೋರಿಸಬಹುದು. ತುಟಿಯ ಕಡೆಯ ಮುಖ ನೋಡಿ. ತೂತು ತೆರೆದಿದ್ದರೆ ಗಾಳಿ ಅಂಚಿನಿಂದ ಬರುವುದರಿಂದ ನಡುವೆ ಕಂದು ಬೊಟ್ಟು, ಸುತ್ತ ಬಿಳಿ ಉಂಗುರ. ಮುಚ್ಚಿದ್ದರೆ ಅಂಚಿನ ತನಕ ಪೂರ್ತಿ ಕಂದು. ಅಮೆರಿಕದ ಸಂಶೋಧಕ ಲಿನ್ ಕೊಜ್ಲೋವ್‌ಸ್ಕಿ 1980ರ ದಶಕದಲ್ಲೇ ಈ ಕಲೆಯನ್ನು ಓದುವ ಬಗೆ ತೋರಿಸಿದ್ದರು. ಒಂದೇ ಬ್ರಾಂಡಿನ ಮೋಟುಗಳನ್ನು ಮಾತ್ರ ಹೋಲಿಸಿ. ತೂತೇ ಇಲ್ಲದ ಫಿಲ್ಟರು ಹೇಗೂ ಪೂರ್ತಿ ಕಂದಾಗುತ್ತದೆ. ಮಳೆಗೆ ನೆಂದದ್ದು ಬೇಡ, ಕಲೆ ಹರಡಿಕೊಂಡಿರುತ್ತದೆ.

ರಟ್ಟು_ಮತ್ತು_ಬಣ್ಣ

ಪ್ಯಾಕೇಜಿಂಗ್ ವಿನ್ಯಾಸದ ಕಡೆಯಿಂದ ಒಂದಿಷ್ಟು. ಮೇಲಿನವರು ಕಲೆ ಅಂದಿದ್ದಕ್ಕೆ ನೆನಪಾಯಿತು: ಫಿಲ್ಟರು ಕಂದಾಗುವುದನ್ನು ನೋಡಿ ‘ಅಬ್ಬಾ, ಇಷ್ಟೆಲ್ಲ ಹಿಡಿದಿದೆ’ ಅನ್ನುತ್ತಾರಲ್ಲ, ಆ ನೆಮ್ಮದಿಯೂ ವಿನ್ಯಾಸದ ಲೆಕ್ಕದೊಳಗಿನದೇ. ಆರ್.ಜೆ. ರೆನಾಲ್ಡ್ಸ್ ಕಂಪನಿಯ ರಸಾಯನಶಾಸ್ತ್ರಜ್ಞ ಕ್ಲಾಡ್ ಟೀಗ್ 1953ರಲ್ಲೇ ಇದನ್ನು ಬರೆದಿಟ್ಟಿದ್ದ. ಹೊಗೆ ತಾಗಿದಾಗ ಬಣ್ಣ ಬದಲಿಸುವ ವಸ್ತುವನ್ನು ಫಿಲ್ಟರಿಗೆ ಸೇರಿಸಿದರೆ, ಸೋಸುವ ಶಕ್ತಿ ಹೆಚ್ಚದಿದ್ದರೂ ಸೇದುವವನ ಕಣ್ಣಿಗೆ ಸೋಸಿದಂತೆ ಕಾಣುತ್ತದೆ ಎಂಬ ಸಲಹೆ. ಆ ಕಂದು ಬಣ್ಣ ಫಿಲ್ಟರಿನಲ್ಲಿ ನಿಂತದ್ದನ್ನು ಮಾತ್ರ ತೋರಿಸುತ್ತದೆ. ದಾಟಿ ಹೋದದ್ದಕ್ಕೆ ಬಣ್ಣ ಎಲ್ಲಿ ಕಾಣಬೇಕು?

ಅದೇ ಕಾಲದಲ್ಲಿ ಕೆಂಟ್ ಬ್ರಾಂಡು ‘ಮೈಕ್ರೊನೈಟ್’ ಫಿಲ್ಟರ್ ಎಂದು ಆರೋಗ್ಯದ ಹೆಸರಿನಲ್ಲಿ ಜಾಹೀರಾತು ಕೊಡುತ್ತಿತ್ತು. 1952ರಿಂದ 1956ರ ತನಕ ಅದರೊಳಗೆ ಇದ್ದದ್ದು ನೀಲಿ ಆಸ್ಬೆಸ್ಟಾಸ್, ಕ್ಯಾನ್ಸರ್ ತರುವ ಖನಿಜದ ನಾರು. ನಿಮ್ಮ ಕಾರ್ಖಾನೆಯವರಿಗೆ ಆಸ್ಬೆಸ್ಟಾಸ್ ಎಂದರೆ ಏನೆಂದು ವಿವರಿಸಬೇಕಿಲ್ಲ, ಶೀಟು ಎಲ್ಲರಿಗೂ ಗೊತ್ತು.

ಬಣ್ಣದ ವಿಷಯಕ್ಕೆ ಬನ್ನಿ. ಕೆಂಪು ಅಂದರೆ ಸ್ಟ್ರಾಂಗು, ನೀಲಿ ಅಥವಾ ಚಿನ್ನದ ಬಣ್ಣ ಅಂದರೆ ಹಗುರ, ಬೆಳ್ಳಿ ಅಥವಾ ಬಿಳಿ ಅಂದರೆ ಇನ್ನೂ ಹಗುರ, ಹಸಿರು ಅಂದರೆ ಮಿಂಟ್. ಇದನ್ನು ಯಾರೂ ಯಾರಿಗೂ ಹೇಳಿಕೊಡಲಿಲ್ಲ, ಆದರೂ ಸೇದುವವರೆಲ್ಲರಿಗೂ ಗೊತ್ತು. ಅಮೆರಿಕ 2010ರ ಜೂನ್‌ನಿಂದ ಪ್ಯಾಕಿನ ಮೇಲೆ ‘ಲೈಟ್’, ‘ಮೈಲ್ಡ್’, ‘ಲೋ’ ಪದಗಳನ್ನು ನಿಷೇಧಿಸಿತು. ಮಾರ್ಲ್‌ಬೊರೊ ಲೈಟ್ಸ್ ಎಂಬುದು ಮಾರ್ಲ್‌ಬೊರೊ ಗೋಲ್ಡ್ ಆಯಿತು. ಇನ್ನು ಮುಂದೆ ಚಿನ್ನದ ಬಣ್ಣದ ಪ್ಯಾಕು ಎಂದು ಕೇಳಿ, ಒಳಗಿನ ಸಿಗರೇಟು ಅದೇ ಎಂದು ಕಂಪನಿಯೇ ಪ್ಯಾಕಿಗೆ ಚೀಟಿ ಅಂಟಿಸಿ ತಿಳಿಸಿತ್ತು. ಗಿರಾಕಿಗಳು ಹುಡುಕಾಡಲೇ ಇಲ್ಲ. ನಮ್ಮಲ್ಲೂ ನಿಯಮ ಈ ಪದಗಳನ್ನು ಪ್ಯಾಕಿನ ಮೇಲೆ ಬಿಡುವುದಿಲ್ಲ. ಆದರೆ ಬೀಡಾ ಅಂಗಡಿಯ ಮುಂದೆ ಐದು ನಿಮಿಷ ನಿಂತರೆ ‘ಒಂದು ಮೈಲ್ಡ್ಸ್’, ‘ಎರಡು ಲೈಟ್ಸ್’ ಎಂಬ ಕೂಗು ಕೇಳುತ್ತದೆ. ಪದ ತೆಗೆದು ಬಣ್ಣ ಬಿಟ್ಟರೆ ಕೆಲಸ ಅರ್ಧವೂ ಆಗುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಆಸ್ಟ್ರೇಲಿಯಾ ಬಣ್ಣವನ್ನೇ ಕಿತ್ತುಹಾಕಿತು. 2012ರ ಡಿಸೆಂಬರಿನಿಂದ ಎಲ್ಲ ಬ್ರಾಂಡಿಗೂ ಒಂದೇ ಕೊಳಕು ಹಸಿರುಗಂದು ಪ್ಯಾಕು, ಹೆಸರು ಒಂದೇ ಅಕ್ಷರ ವಿನ್ಯಾಸದಲ್ಲಿ. ಸಿಗರೇಟಿನ ರುಚಿ ಕೆಟ್ಟಿದೆ ಎಂದು ದೂರು ಬಂತು. ತಂಬಾಕು ಬದಲಾಗಿರಲಿಲ್ಲ, ರಟ್ಟು ಬದಲಾಗಿತ್ತು ಅಷ್ಟೇ. ಮಾರ್ಲ್‌ಬೊರೊ ಪ್ಯಾಕಿನ ಕೆಲಸದಲ್ಲಿ ಕೈಯಿದ್ದ ಮಾರುಕಟ್ಟೆ ಸಂಶೋಧಕ ಲೂಯಿ ಚೆಸ್ಕಿನ್ ಇದನ್ನು ಬಹಳ ಹಿಂದೆಯೇ ಗುರುತಿಸಿದ್ದ: ಹೊದಿಕೆ ನೋಡಿ ಆದ ಭಾವನೆಯನ್ನು ಗಿರಾಕಿ ಒಳಗಿನ ವಸ್ತುವಿಗೆ ವರ್ಗಾಯಿಸುತ್ತಾನೆ.

ನಮ್ಮ ರಾಜ್ಯಕ್ಕೆ ನೇರ ಸಂಬಂಧದ್ದು ಒಂದು. ಪ್ಯಾಕಿನ ಎರಡೂ ಮುಖಗಳ ಮೇಲೆ 85% ಎಚ್ಚರಿಕೆ ಚಿತ್ರ 2016ರ ಏಪ್ರಿಲ್‌ನಿಂದ ಬಂತು. ಆ ನಿಯಮವನ್ನು 2017ರ ಡಿಸೆಂಬರಿನಲ್ಲಿ ರದ್ದು ಮಾಡಿದ್ದು ಕರ್ನಾಟಕ ಹೈಕೋರ್ಟ್, ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಹೀಗಾಗಿ ಚಿತ್ರ ಉಳಿದಿದೆ. ಆದರೆ ಬಿಡಿಯಾಗಿ ಕೊಳ್ಳುವವನು ಪ್ಯಾಕನ್ನು ಕೈಯಲ್ಲಿ ಹಿಡಿಯುವುದೇ ಇಲ್ಲ. ಬಿಡಿ ಮಾರಾಟಕ್ಕೆ ರಾಜ್ಯದಲ್ಲಿ ನಿಷೇಧವಿದ್ದರೂ ನಡೆಯುವುದು ಹೇಗೆಂದು ಎಲ್ಲರಿಗೂ ಗೊತ್ತು. ಬಿಡಿ ಸಿಗರೇಟಿನಲ್ಲಿ ಬ್ರಾಂಡನ್ನು ಹೊತ್ತು ಸಾಗುವುದು ಟಿಪ್ಪಿಂಗ್ ಪೇಪರ್: ಬಿಳಿಯದೋ, ಕಾರ್ಕಿನ ಚುಕ್ಕೆಯದೋ, ಮೇಲೊಂದು ಚಿನ್ನದ ಗೆರೆ ಇದೆಯೋ ಎಂಬುದು. (ಆ ಚುಕ್ಕೆ ಹಿಂದೆ ನಿಜವಾದ ಕಾರ್ಕು ಸುತ್ತುತ್ತಿದ್ದ ಕಾಲದ ಪಳೆಯುಳಿಕೆ, ತುಟಿಗೆ ಕಾಗದ ಅಂಟದಿರಲಿ ಎಂದು ಸುತ್ತುತ್ತಿದ್ದರು.) ಕೆನಡಾ ಇದನ್ನು ಸರಿಯಾಗಿ ಹಿಡಿದಿದೆ. 2023ರ ಆಗಸ್ಟಿನಲ್ಲಿ ಜಾರಿಗೆ ಬಂದ ನಿಯಮದಂತೆ ಹಂತಹಂತವಾಗಿ ಪ್ರತಿ ಸಿಗರೇಟಿನ ಟಿಪ್ಪಿಂಗ್ ಪೇಪರಿನ ಮೇಲೂ ಎಚ್ಚರಿಕೆ ಬಂದಿದೆ. ಬಿಡಿ ಮಾರುವ ನಮ್ಮಂಥ ಊರಿಗೆ ಹೇಳಿ ಮಾಡಿಸಿದ ಉಪಾಯ ಅದು, ಇನ್ನೂ ನಮ್ಮಲ್ಲಿಗೆ ಬಂದಿಲ್ಲ.

ಉದ್ದದ_ಲೆಕ್ಕ

‘ಕಿಂಗ್ ಬಿಟ್ಟು ಸಣ್ಣದು’ ಎಂಬುದಕ್ಕೆ ಮಾತ್ರ ನನ್ನ ಉತ್ತರ. ನಮ್ಮ ದೇಶದಲ್ಲಿ ಸಿಗರೇಟಿನ ಉದ್ದವನ್ನು ತೀರ್ಮಾನಿಸುವುದು ತೆರಿಗೆ. ಫಿಲ್ಟರ್ ಸಿಗರೇಟಿಗೆ 65, 70, 75 ಮಿ.ಮೀ. ಎಂಬ ಗೆರೆಗಳಿವೆ, ಗೆರೆ ದಾಟಿದರೆ ಸಾವಿರ ಸಿಗರೇಟಿಗೆ ಇಷ್ಟು ಎಂದು ತೆರಿಗೆ ಏರುತ್ತದೆ. ಅದಕ್ಕೇ ಮಾರುಕಟ್ಟೆಯಲ್ಲಿ ಗೆರೆಗೆ ತುಸು ಒಳಗಿನ 64, 69 ಮಿ.ಮೀ.ನಂಥ ಅಳತೆಗಳು, ಕಿಂಗ್ ಎಂದರೆ 84 ಮಿ.ಮೀ. ಫಿಲ್ಟರಿನ ಉದ್ದವೂ ಈ ಅಳತೆಯೊಳಗೆ ಸೇರುತ್ತದೆ. ಫಿಲ್ಟರು ಎಷ್ಟೇ ಮೋಟಾಗಿದ್ದರೂ 11 ಮಿ.ಮೀ. ಎಂದೇ ಹಿಡಿಯಬೇಕು ಎಂಬ ಷರತ್ತೂ ಸುಂಕದ ಪಟ್ಟಿಯಲ್ಲಿತ್ತು. 64 ಬಂದದ್ದು ಯಾರದೋ ಆರೋಗ್ಯದ ಕಾಳಜಿಯಿಂದಲ್ಲ.

ಎರಡರಲ್ಲೂ ಫಿಲ್ಟರ್ 20 ಮಿ.ಮೀ. ಎಂದಿಟ್ಟುಕೊಂಡರೆ 84ರದ್ದರಲ್ಲಿ ತಂಬಾಕು 64 ಮಿ.ಮೀ., 64ರದ್ದರಲ್ಲಿ 44. ಒಂದಕ್ಕೊಂದು ಹೋಲಿಸಿದರೆ ಕಡಿಮೆ ಹೌದು. ಆದರೆ ಆ ಮೂರನೇ ಒಂದು ಪಾಲನ್ನು ಬುಡದ ತನಕ ಸೇದಿ, ಅಥವಾ ದಿನಕ್ಕೆ ಎರಡು ಮೂರು ಹೆಚ್ಚಿಗೆ ಸೇದಿ ತುಂಬಿಕೊಳ್ಳುವುದು ಸಲೀಸು. ಬೆಲೆ ಕಡಿಮೆ ಇರುವುದರಿಂದ ಕೈಯೂ ತಡೆಯುವುದಿಲ್ಲ. ದಿನದ ಲೆಕ್ಕ ಕೇಳುವಾಗ ‘ಎಷ್ಟು ಸಿಗರೇಟು’ ಎನ್ನುವುದರ ಜೊತೆ ‘ಯಾವ ಸೈಜು, ಎಲ್ಲಿಯ ತನಕ ಸೇದುತ್ತೀರಿ’ ಎಂದೂ ಕೇಳಿ.

ಸ್ಲಿಮ್ ಕಥೆ ಬೇರೆ. ಮಾಮೂಲಿ ಸಿಗರೇಟಿನ ಸುತ್ತಳತೆ 24-25 ಮಿ.ಮೀ., ಸೂಪರ್‌ಸ್ಲಿಮ್ 17ರ ಹತ್ತಿರ. ಫಿಲಿಪ್ ಮಾರಿಸ್ 1968ರಲ್ಲಿ ವರ್ಜೀನಿಯಾ ಸ್ಲಿಮ್ಸ್ ತಂದದ್ದು ಹೆಂಗಸರಿಗೆಂದೇ: ತೆಳ್ಳಗಿನ ಸಿಗರೇಟು, ತೆಳ್ಳಗಿನ ಮೈ ಎಂಬ ಸೂಚನೆ. ಕೈಯಲ್ಲಿ ಚೆಂದ ಕಾಣುವುದನ್ನು ಒಳಗೆ ಹೋಗುವುದೂ ಕಡಿಮೆ ಎಂದು ಮನಸ್ಸು ಓದಿಕೊಳ್ಳುತ್ತದೆ.

ಕೌನ್ಸೆಲರ್_ಅಕ್ಕ

ಮೇಷ್ಟ್ರೇ, ಪ್ರಯೋಗ ಚೆನ್ನಾಗಿದೆ, ಆದರೆ ಅಲ್ಲಿಗೇ ನಿಲ್ಲಿಸಿದರೆ ಅಪಾಯವೊಂದಿದೆ. ‘ತೂತು ಮುಚ್ಚದೆ ಸೇದಿದರಾಯಿತು’ ಎಂದು ಅರ್ಥ ಮಾಡಿಕೊಂಡು ಎದ್ದು ಹೋಗುವವರು ಖಂಡಿತ ಇರುತ್ತಾರೆ. ಮುಚ್ಚುವುದು ಒಂದು ದಾರಿ ಮಾತ್ರ, ದಮ್ಮಿನ ಗಾತ್ರ ಹೆಚ್ಚುವುದೇ ದೊಡ್ಡದು ಎಂದು ಬಾಯಿಬಿಟ್ಟು ಹೇಳಿ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2001ರಲ್ಲೇ ‘ಲೈಟ್’ನಿಂದ ರೋಗ ಕಡಿಮೆಯಾಗಿಲ್ಲ ಎಂದಿತು. ಅಲ್ಲಿನ ಸರ್ಜನ್ ಜನರಲ್ (ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿ) ವರದಿ 2014ರಲ್ಲಿ ಇನ್ನೂ ಮುಂದೆ ಹೋಗಿ, 1950ರ ದಶಕದ ನಂತರ ಸಿಗರೇಟಿನ ವಿನ್ಯಾಸ ಬದಲಾದದ್ದರಿಂದಲೇ ಅಡಿನೊಕಾರ್ಸಿನೋಮ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಏರಿದೆ ಎಂದು ಹೇಳಿತು. ತೂತಿನ ಫಿಲ್ಟರಿನ ಮೇಲೆ ಸಂಶಯ ಬಲವಾಗಿದೆ. ಹಗುರ ಎಂದು ಆಳವಾಗಿ ಎಳೆದುಕೊಂಡರೆ ಹೊಗೆ ಶ್ವಾಸಕೋಶದ ಅಂಚಿನ ತನಕ ಹೋಗುತ್ತದೆ, ಆ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಅಲ್ಲೇ.

ಮಿಂಟ್ ಬಗ್ಗೆ: ಅದರಲ್ಲಿರುವ ಮೆಂಥಾಲ್ ಹೊಗೆಯನ್ನು ತಣ್ಣಗೆ ಮಾಡುವುದಿಲ್ಲ. ತಂಪು ಗ್ರಹಿಸುವ ನರಗಳನ್ನು ಕೆರಳಿಸುತ್ತದೆ, ಉರಿ ಗೊತ್ತಾಗುವುದಿಲ್ಲ. ಕೆಮ್ಮು ಎಚ್ಚರಿಕೆ ಕೊಡಬೇಕಾದ ಕಡೆ ಬಾಯಿ ಮುಚ್ಚಿಸಿದ ಹಾಗೆ. ಹೊಸದಾಗಿ ಸೇದುವ ಹುಡುಗರಿಗೆ ಮೊದಲ ದಿನಗಳ ಕಷ್ಟ ದಾಟಿಸುವುದು ಇದೇ. ಫಿಲ್ಟರಿನಲ್ಲಿ ‘ಟಕ್’ ಎಂದು ಒಡೆಯುವ ಗುಳಿಗೆ ಇದಕ್ಕೆ ಆಟದ ರುಚಿಯನ್ನೂ ಸೇರಿಸಿದೆ. ಯಾವಾಗ ಒಡೆಯಬೇಕು ಎಂಬ ತೀರ್ಮಾನ ತನ್ನದು ಎಂದು ಸೇದುವವನಿಗೆ ಅನಿಸುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2020ರ ಮೇ ತಿಂಗಳಿಂದ ಇವೆರಡಕ್ಕೂ ನಿಷೇಧ.

ಶಿಬಿರಕ್ಕೆ ಕಾರ್ಬನ್ ಮೊನಾಕ್ಸೈಡ್ ಮೀಟರು (ಹೊಗೆಯಿಂದ ಬಂದ ಈ ವಿಷಾನಿಲ ಉಸಿರಿನಲ್ಲಿ ಎಷ್ಟಿದೆ ಎಂದು ಅಳೆಯುವುದು) ಸಿಗುವುದಾದರೆ ತರಿಸಿ. 15 ಸೆಕೆಂಡು ಉಸಿರು ಹಿಡಿದು ನಿಧಾನವಾಗಿ ಊದಿಸಬೇಕು. 10 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಹತ್ತು) ದಾಟಿದರೆ ಸೇದುವವರು ಎಂಬುದು ಹಳೆಯ ಗೆರೆ, ಈಗ 6ರ ಆಸುಪಾಸನ್ನೇ ಹಿಡಿಯುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಅಳೆಯಬೇಡಿ, ರಾತ್ರಿಯಿಡೀ ಇಳಿದು ಸುಳ್ಳು ನೆಮ್ಮದಿ ಕೊಡುತ್ತದೆ. ಮಧ್ಯಾಹ್ನದ ಪಾಳಿ ಮುಗಿದ ಮೇಲೆ, ಕೊನೆಯ ಸಿಗರೇಟು ಸೇದಿ ಎಷ್ಟು ಹೊತ್ತಾಯಿತು ಎಂದು ಬರೆದುಕೊಂಡು ಅಳೆಯಿರಿ. ಮೈಲ್ಡ್ಸ್‌ನವರನ್ನೂ ರೆಗ್ಯುಲರ್‌ನವರನ್ನೂ ಅಕ್ಕಪಕ್ಕ ನಿಲ್ಲಿಸಿ ಊದಿಸಿದರೆ ನೀವು ಮಾತಾಡುವುದೇ ಬೇಡ.

ತೆಂಕಣದವ

ಹಾಗಾದರೆ ಬೀಡಿಯೇ ಮೇಲಲ್ಲವೇ ಅಕ್ಕ? ತೂತಿಲ್ಲ, ಬಣ್ಣವಿಲ್ಲ, ಕೆಮಿಕಲ್ ಇಲ್ಲ, ಬರೀ ಎಲೆ ಮತ್ತು ಹೊಗೆಸೊಪ್ಪು. ತಂಬಾಕೂ ಸಿಗರೇಟಿಗಿಂತ ಬಹಳ ಕಡಿಮೆ.

ಹೊಗೆಯಂತ್ರ

ತಂಬಾಕು ಕಡಿಮೆ ಎಂಬುದು ನಿಜ. ಆದರೆ ಬೀಡಿಯ ಎಲೆಗೂ ಒಂದು ಗುಣವಿದೆ. ಸಿಗರೇಟಿನ ಕಾಗದದಂತೆ ಅದರೊಳಗೆ ಗಾಳಿಯಾಡುವುದಿಲ್ಲ, ಎಳೆಯುವುದು ನಿಲ್ಲಿಸಿದರೆ ಆರಿಹೋಗುತ್ತದೆ. ಸಿಗರೇಟಿನ ಕಾಗದಕ್ಕೆ ಸಿಟ್ರೇಟ್ ಲವಣ ಸೇರಿಸಿ ಒಂದೇ ಸಮನೆ ಉರಿಯುವಂತೆ ಮಾಡಿರುತ್ತಾರೆ, ಬೀಡಿಗೆ ಆ ಕೆಲಸವನ್ನು ಸೇದುವವನ ಶ್ವಾಸಕೋಶ ಮಾಡಬೇಕು. ಹಾಗಾಗಿ ದಮ್ಮು ಪದೇ ಪದೇ, ಜೋರಾಗಿ. ಟಾರ್, ನಿಕೋಟಿನ್, ಕಾರ್ಬನ್ ಮೊನಾಕ್ಸೈಡ್ ಮೂರೂ ಸಿಗರೇಟಿಗಿಂತ ಕಡಿಮೆ ಬರುವುದಿಲ್ಲ, ಹೆಚ್ಚೇ ಬರುವುದುಂಟು. ಮೀಟರಿಗೆ ಬೀಡಿಯವರನ್ನೂ ಊದಿಸಿ.

ಶಿಬಿರದ_ಮೇಷ್ಟ್ರು

ನಳಿಕೆ ಹಿಂದಕ್ಕೆಳೆದ ಮೇಲೆ ಪ್ರಯೋಗ ಸರಿಯಾಯಿತು. ಕೊನೆಯದೊಂದು: ಬಿಡುತ್ತೇನೆ ಎಂದು ಮುಂದೆ ಬಂದವರಿಗೆ ನಿಕೋಟಿನ್ ಗಮ್ ಕೊಡುವಾಗ, ಮೈಲ್ಡ್ಸ್ ಸೇದುವವರಿಗೆ ಕಡಿಮೆ ಪ್ರಮಾಣ ಸಾಕೇ?

ಕೌನ್ಸೆಲರ್_ಅಕ್ಕ

ಬ್ರಾಂಡು ನೋಡಿ ಪ್ರಮಾಣ ತೀರ್ಮಾನಿಸಬೇಡಿ. ಎದ್ದ ಮೇಲೆ ಮೊದಲ ಸಿಗರೇಟು ಎಷ್ಟು ಹೊತ್ತಿಗೆ ಎಂದು ಕೇಳಿ. 30 ನಿಮಿಷದೊಳಗೆ ಎಂದರೆ 4 ಮಿ.ಗ್ರಾಂ., ಆಮೇಲೆ ಎಂದರೆ 2 ಮಿ.ಗ್ರಾಂ. ಮೈಲ್ಡ್ಸ್ ಎಂದು 2 ಕೊಟ್ಟರೆ ಎರಡೇ ದಿನಕ್ಕೆ ‘ಗಮ್ ಕೆಲಸ ಮಾಡಲಿಲ್ಲ’ ಎಂದು ವಾಪಸು ಸಿಗರೇಟಿಗೆ ಹೋಗುತ್ತಾರೆ. 4ರದ್ದಕ್ಕೆ ವೈದ್ಯರ ಚೀಟಿ ಬೇಕು, ಶಿಬಿರಕ್ಕೆ ವೈದ್ಯರು ಬರುವ ದಿನವೇ ಬರೆಸಿಕೊಳ್ಳಿ. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತ ಆದವರು ಇದ್ದರೆ ಅವರನ್ನು ನೇರ ವೈದ್ಯರ ಬಳಿಗೇ ಕಳಿಸಿ.

ಚೂಯಿಂಗ್ ಗಮ್ಮಿನ ಹಾಗೆ ಅಗಿದರೆ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ವಾಕರಿಕೆ. ನಾಲಿಗೆಗೆ ಖಾರ ಬರುವ ತನಕ ನಿಧಾನವಾಗಿ ಅಗಿದು ಕೆನ್ನೆ ಮತ್ತು ಒಸಡಿನ ಮಧ್ಯೆ ಒತ್ತಿಡಬೇಕು, ಖಾರ ಇಳಿದ ಮೇಲೆ ಮತ್ತೆ ಅಗಿಯಬೇಕು. ಒಂದು ಗಮ್ ಅರ್ಧ ಗಂಟೆ ಬರುತ್ತದೆ. ಗಮ್ ಬಾಯಲ್ಲಿರುವಾಗ ಮತ್ತು ಅದಕ್ಕೆ 15 ನಿಮಿಷ ಮುಂಚೆ ಕಾಫಿ, ಟೀ, ಜ್ಯೂಸ್ ಬೇಡ. ಬಾಯಿ ಹುಳಿಯಾದರೆ ನಿಕೋಟಿನ್ ಒಸಡಿನಿಂದ ಒಳಗಿಳಿಯುವುದಿಲ್ಲ. ಕಾರ್ಖಾನೆಯ ಟೀ ಬಿಡುವಿನ ಸಮಯ ನೋಡಿಕೊಂಡು ಗಮ್ಮಿನ ಸಮಯ ಬರೆದುಕೊಡಿ. ಪ್ಯಾಕಿನ ಮೇಲಿರುವ 1800-11-2356 ಸಹಾಯವಾಣಿಯನ್ನೂ ದೊಡ್ಡದಾಗಿ ಬೋರ್ಡಿನ ಮೇಲೆ ಬರೆಯಿರಿ, ಬಿಡಿಯಾಗಿ ಕೊಳ್ಳುವವರಿಗೆ ಆ ನಂಬರು ಕಂಡೇ ಇರುವುದಿಲ್ಲ.